‘ಏನೂ ಇಲ್ಲ’ ಎಂಬ ಉತ್ತರ

ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ ಉತ್ತರ ‘ಏನೂ ಇಲ್ಲ’. ಮುಖ ಬಾಡಿಸಿಕೊಂಡು ಬಂದ ಗಂಡನನ್ನು ಹೆಂಡತಿ ‘ಕ್ಯಾ ಹುವಾ?’ ಎಂದು ಕೇಳಿದರೆ ‘ಕುಚ್ ನೈ’ ಎಂಬ ಎರಡು ಶಬ್ದಗಳಲ್ಲಿ ಮಾತು ಮುಗಿಯುತ್ತದೆ. ಇದನ್ನು ನಾವು ಅಹಂಕಾರವೆಂದೋ, ಏನನ್ನೋ ಮುಚ್ಚಿಡುತ್ತಿದ್ದಾರೆಂದೋ ಭಾವಿಸುತ್ತೇವೆ. ಆದರೆ ಕೆಲವರಿಗೆ ತಮ್ಮೊಳಗೆ ಏನಾಗುತ್ತಿದೆ ಎಂಬುದು ನಿಜಕ್ಕೂ ತಿಳಿಯುವುದಿಲ್ಲ.

ಇದಕ್ಕೆ ಮನೋವೈದ್ಯ ಪೀಟರ್ ಸಿಫ್ನಿಯೋಸ್ 1970ರ ದಶಕದ ಆರಂಭದಲ್ಲಿ ‘ಅಲೆಕ್ಸಿಥೈಮಿಯಾ’ ಎಂದು ಹೆಸರಿಟ್ಟರು. ಗ್ರೀಕ್ ಮೂಲದ ಈ ಪದಕ್ಕೆ ‘ಭಾವಕ್ಕೆ ಮಾತಿಲ್ಲದಿರುವುದು’ ಎಂದರ್ಥ. ಇದೊಂದು ಕಾಯಿಲೆಯಲ್ಲ, ಸ್ವಭಾವದ ಲಕ್ಷಣ. ಕೆಲವರಲ್ಲಿ ಹೆಚ್ಚು, ಕೆಲವರಲ್ಲಿ ಕಡಿಮೆ. ಇದನ್ನು ಅಳೆಯಲು 20 ವಾಕ್ಯಗಳ ‘ಟೊರಾಂಟೊ ಮಾಪಕ’ ಬಳಕೆಯಲ್ಲಿದೆ. ಇಂಥವರಿಗೆ ಭಾವನೆಗಳಿಲ್ಲ ಎಂದಲ್ಲ. ಎದೆ ಹೊಡೆದುಕೊಳ್ಳುತ್ತದೆ, ಹೊಟ್ಟೆ ತೊಳಸುತ್ತದೆ, ನಿದ್ದೆ ಹಾರುತ್ತದೆ. ಅದು ಭಯವೋ, ಸಿಟ್ಟೋ, ದುಃಖವೋ ಎಂದು ಬಿಡಿಸಿ ಹೇಳಲಾಗುವುದಿಲ್ಲ, ಅಷ್ಟೆ.

ನಮ್ಮ ಪರಿಚಯದ ಒಂದು ಮನೆಯಿದೆ. ಗಂಡ ಹದಿನೈದು ವರ್ಷ ಸೌದಿಯಲ್ಲಿ ದುಡಿದು ಊರಿಗೆ ಮರಳಿದವರು. ಒಂದು ತಿಂಗಳೂ ಹಣ ಕಳಿಸುವುದನ್ನು ತಪ್ಪಿಸಿದವರಲ್ಲ. ಅತ್ತೆ ತೀರಿಕೊಂಡಾಗ ಜನಾಝಾದಿಂದ ಹಿಡಿದು ಬಂದವರ ಊಟದವರೆಗೆ ಎಲ್ಲವನ್ನೂ ಅವರೇ ನೋಡಿಕೊಂಡರು. ಆದರೆ ಮೂಲೆಯಲ್ಲಿ ಕುಳಿತು ಅಳುತ್ತಿದ್ದ ಹೆಂಡತಿಗೆ ಒಂದು ಮಾತನ್ನೂ ಆಡಲಿಲ್ಲ. ಅದೇ ರಾತ್ರಿ ಎದೆ ಹಿಡಿದುಕೊಂಡಂತಾಗಿ ಅವರನ್ನು ಡಾಕ್ಟರ ಬಳಿ ಕರೆದೊಯ್ಯಬೇಕಾಯಿತು. ಇಸಿಜಿಯಲ್ಲಿ ಏನೂ ಇರಲಿಲ್ಲ. ‘ಅವರು ಸೌದಿಯಲ್ಲಿದ್ದಾಗ ಒಂಟಿಯಾಗಿದ್ದೆ, ಅದಕ್ಕೊಂದು ಕಾರಣವಿತ್ತು. ಈಗ ಎದುರಿಗೇ ಕೂತಿದ್ದಾರೆ. ಈ ಒಂಟಿತನಕ್ಕೆ ಏನು ಕಾರಣ ಹೇಳಲಿ?’ ಎಂದು ಆಕೆ ಕೇಳಿದರು. ಆಕೆಗೆ ಬೇಕಾದದ್ದು ಪ್ರೀತಿಯ ಪುರಾವೆಯಲ್ಲ, ಜೊತೆ. ಆ ರಾತ್ರಿಯ ಎದೆನೋವೇ ಆತನ ಕಣ್ಣೀರಾಗಿರಬಹುದು ಎಂದು ಇಬ್ಬರಲ್ಲಿ ಯಾರಿಗೂ ಹೊಳೆಯಲಿಲ್ಲ.

ನಾವು ಉರ್ದುವಿನಲ್ಲೂ ಕನ್ನಡದಲ್ಲೂ ಓದಿ ಬೆಳೆದವರು. ಮುಶಾಯಿರಾದಲ್ಲಿ ಪ್ರೇಮದ ಶೇರ್ ಕೇಳಿ ‘ವಾಹ್ ವಾಹ್’ ಎನ್ನುವ ಗಂಡಸರೇ ಮನೆಯಲ್ಲಿ ‘ಊಟ ಆಯ್ತಾ?’ ಎಂಬಲ್ಲಿಗೆ ನಿಲ್ಲುವುದನ್ನು ಕಂಡಿದ್ದೇವೆ. ಕತೆ ಬರೆಯುವಾಗ ನಾವೇ ಪಾತ್ರಗಳ ಬಾಯಿಂದ ಆಡಿಸುವ ಮಾತುಗಳು ಮನೆಯ ಪಡಸಾಲೆಯಲ್ಲಿ ನಾಲಿಗೆಗೆ ಬರುವುದಿಲ್ಲ. ಬಾಲ್ಯದಿಂದಲೇ ‘ಗಂಡುಮಗ ಅಳಬಾರದು’ ಎಂದು ಹೇಳಿಸಿಕೊಂಡ ಹುಡುಗ ದೊಡ್ಡವನಾಗಿ ನಿಕಾಹ್‌ನ ಮರುದಿನವೇ ಮನಸ್ಸು ಬಿಚ್ಚಬೇಕೆಂದರೆ ಹೇಗೆ?

ಹಾಗೆಂದು ನಮ್ಮ ಭಾಷೆಗಳು ಬಡವಲ್ಲ. ಕನ್ನಡದಲ್ಲಿ ಅಸೂಯೆ ಹೊಟ್ಟೆಕಿಚ್ಚಾಗುತ್ತದೆ, ಮರುಕಕ್ಕೆ ಕರುಳು ಚುರುಕ್ಕೆನ್ನುತ್ತದೆ, ಧೈರ್ಯವು ಎದೆಗಾರಿಕೆಯಾಗುತ್ತದೆ. ಉರ್ದುವಿನಲ್ಲಿ ಕಳವಳ ಹೆಚ್ಚಾದಾಗ ಕಲೇಜಾ ಬಾಯಿಗೆ ಬರುತ್ತದೆ. ನಮ್ಮ ಹಿರಿಯರು ಭಾವನೆಗಳನ್ನು ಮೈಯಲ್ಲೇ ಗುರುತಿಸಿದ್ದರು. ಮಾತು ಬಾರದವರಿಗೆ ಇದೇ ಮೊದಲ ಮೆಟ್ಟಿಲಾಗಬಹುದು. ‘ನನ್ನ ಮೇಲೆ ಪ್ರೀತಿ ಇದೆಯಾ?’ ಎಂದು ಕೇಳಿ ಗೋಡೆಗೆ ನಿಲ್ಲಿಸುವ ಬದಲು ‘ಎದೆ ಭಾರವಾಗಿದೆಯಾ? ದಣಿವಾ, ಬೇಜಾರಾ, ಹೆದರಿಕೆಯಾ?’ ಎಂದು ಕೇಳಿದರೆ ಉತ್ತರಿಸುವುದು ಸುಲಭ. ಭಾವನೆಗೆ ಹೆಸರಿಡುವುದರಿಂದ ಅದರ ಬಿಸಿಯೂ ತಗ್ಗುತ್ತದೆ. ಭಾವವನ್ನು ಹೆಸರಿಸಿದಾಗ ಮಿದುಳಿನಲ್ಲಿ ಭಯಕ್ಕೆ ಸ್ಪಂದಿಸುವ ಅಮಿಗ್ಡಲಾದ ಚಟುವಟಿಕೆ ಕಡಿಮೆಯಾಗುವುದನ್ನು ಕ್ಯಾಲಿಫೋರ್ನಿಯಾದ ಸಂಶೋಧಕರು 2007ರಲ್ಲಿ ತೋರಿಸಿದ್ದಾರೆ.

ಒಂದು ಎಚ್ಚರಿಕೆಯೂ ಅಗತ್ಯ. ಹೆಂಡತಿಯನ್ನು ಶಿಕ್ಷಿಸಲೆಂದೇ ಮೌನವಾಗಿರುವುದು ಬೇರೆ, ಮಾತು ಸಿಗದ ಮೌನ ಬೇರೆ. ಮೊದಲನೆಯದಕ್ಕೆ ವೈಜ್ಞಾನಿಕ ಹೆಸರಿನ ರಕ್ಷಣೆ ಸಲ್ಲದು. ಎರಡನೆಯದರಲ್ಲೂ ಗಂಡನ ಮನಸ್ಸನ್ನು ಊಹಿಸುವ ಹೊರೆಯನ್ನು ಬದುಕಿಡೀ ಹೆಣ್ಣೊಬ್ಬಳೇ ಹೊರಬೇಕೆನ್ನುವುದು ನ್ಯಾಯವಲ್ಲ. ಕಲಿಯುವ ಶ್ರಮ ಮಾತು ಸಿಗದವರದ್ದೂ ಆಗಬೇಕು.

ಪ್ರೀತಿಯ ದೊಡ್ಡ ಮಾತುಗಳು ಅವರಿಂದ ಬಾರದಿರಬಹುದು. ‘ಒಳಗೆ ಏನೋ ಆಗ್ತಿದೆ, ಏನೆಂದು ಗೊತ್ತಾಗ್ತಿಲ್ಲ. ಸ್ವಲ್ಪ ಹೊತ್ತು ಹತ್ತಿರ ಕೂತ್ಕೋ’ ಎಂದಷ್ಟು ಹೇಳಿದರೂ ಸಾಕು, ಇಬ್ಬರ ನಡುವಿನ ಬಾಗಿಲು ಮುಚ್ಚಿಕೊಳ್ಳುವುದಿಲ್ಲ.