ಖರೀದಿಯ ದಾರಿಯಲ್ಲಿ ಜಿನಕಾಂಚಿ

ಹೊಸೂರಿನಲ್ಲಿ ನಮ್ಮದು ಜವಳಿ ಅಂಗಡಿ. ಸರಕಿಗಾಗಿ ಮದ್ರಾಸಿಗೆ, ಅಂದರೆ ಈಗಿನ ಚೆನ್ನೈಗೆ, ನಲವತ್ತು ವರ್ಷ ಓಡಾಡಿದ್ದೇನೆ. ಗೋಡೌನ್ ಸ್ಟ್ರೀಟಿನಲ್ಲಿ ಬಟ್ಟೆ, ಕಾಂಚಿಪುರದಲ್ಲಿ ರೇಷ್ಮೆ ಸೀರೆ. ಲೆಕ್ಕ ಚುಕ್ತಾ ಮಾಡಿ ರಾತ್ರಿ ಬಸ್ಸು ಹಿಡಿದರೆ ಬೆಳಗ್ಗೆ ಮತ್ತೆ ಅಂಗಡಿ. "ಕಾಂಚಿಯಲ್ಲಿ ನಮ್ಮ ಬಸದಿ ಇದೆಯಂತಲ್ಲಾ, ನನ್ನನ್ನೂ ಒಮ್ಮೆ ಕರ್ಕೊಂಡು ಹೋಗ್ರೀ" ಎಂದು ಮನೆಯವಳು ಪ್ರತಿ ಸಲವೂ ಕೇಳುತ್ತಿದ್ದಳು. "ಮುಂದಿನ ಖರೀದಿಗೆ ನೋಡೋಣ" ಎಂಬುದೇ ನನ್ನ ಉತ್ತರ. ಮಗ ಅಂಗಡಿ ವಹಿಸಿಕೊಂಡ ಮೇಲೆ, ಕಳೆದ ಜನವರಿಯಲ್ಲಿ ಇಬ್ಬರೂ ಹೊರಟೆವು.

ಮೊದಲ ದಿನ ಚೆನ್ನೈಯ ಮೈಲಾಪುರದ ಕಡಲ ದಡ. ಹಿಂದೆ ಇಲ್ಲಿ ನೇಮಿನಾಥ ಸ್ವಾಮಿಯ ಬಸದಿಯಿತ್ತೆಂದೂ, ಸಮುದ್ರ ನುಗ್ಗುವ ಭಯದಿಂದ ಮೂರ್ತಿಯನ್ನು ಒಳನಾಡಿನ ಮೇಲ್ ಚಿತ್ತಾಮೂರಿಗೆ ಸಾಗಿಸಿದರೆಂದೂ ತಮಿಳು ಜೈನರು ಹೇಳುತ್ತಾರೆ. ಅವರ ಮಠ ಈಗಲೂ ಆ ಊರಿನಲ್ಲಿದೆ. ಅವರಲ್ಲಿ ಹೆಚ್ಚಿನವರು ನಮ್ಮಂತೆ ಅಂಗಡಿಯವರಲ್ಲ, ಬೇಸಾಯದ ಮನೆತನದವರು.

ಮರುದಿನ ಕಡಲನ್ನೇ ಹಿಡಿದು ದಕ್ಷಿಣಕ್ಕೆ ಮಹಾಬಲಿಪುರ. ಅಲೆಗಳ ಎದುರಿಗೇ ಪಲ್ಲವ ರಾಜಸಿಂಹನ ಕಾಲದ ದೇವಾಲಯ. ಸ್ವಲ್ಪ ದೂರದಲ್ಲಿ ಬಂಡೆಯನ್ನೇ ಕಡೆದು ಮಾಡಿದ ಐದು ರಥಗಳು. 1984ರಲ್ಲಿ ಇವು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಲ್ಲಿಂದ ಚೆಂಗಲ್ಪಟ್ಟಿನ ಮೇಲೆ ಕಾಂಚಿಗೆ ಹೋಗುವಾಗ ದಾರಿಯುದ್ದಕ್ಕೂ ಕೆರೆ, ಭತ್ತದ ಗದ್ದೆ.

ಕಾಂಚಿಯ ಸೀರೆ ಬೀದಿಗಳಿಂದ ಮೂರೇ ಕಿಲೋಮೀಟರ್, ವೇಗವತಿ ನದಿಯ ಬಳಿ ತಿರುಪ್ಪರುತ್ತಿಕುನ್ರಂ. ಇದೇ ಜಿನಕಾಂಚಿ. ತ್ರೈಲೋಕ್ಯನಾಥನೆಂಬ ಹೆಸರಿನಲ್ಲಿ ವರ್ಧಮಾನ ಸ್ವಾಮಿ ಇಲ್ಲಿದ್ದಾನೆ. ಮುಂದಿನ ಸಂಗೀತ ಮಂಟಪವನ್ನು ಗುರು ಪುಷ್ಪಸೇನರ ಮಾತಿನಂತೆ 1387ರ ಸುಮಾರಿಗೆ ಕಟ್ಟಿಸಿದವನು ವಿಜಯನಗರದ ದಂಡನಾಯಕ ಇರುಗಪ್ಪ. ಹಂಪಿಯಲ್ಲಿ ಗಾಣಗಿತ್ತಿ ಬಸದಿ ಎಂದು ನಾವು ಕರೆಯುವ ಕುಂಥುನಾಥ ಬಸದಿಯನ್ನು 1385ರಲ್ಲಿ ಕಟ್ಟಿಸಿದವನೂ ಅವನೇ. ಮಂಟಪದ ಮಾಳಿಗೆಯಲ್ಲಿ ಆದಿನಾಥ, ನೇಮಿನಾಥ, ವರ್ಧಮಾನರ ಚರಿತ್ರೆಯ ಬಣ್ಣದ ಚಿತ್ರಗಳಿವೆ. ಕೆಲವು ಮಾಸಿವೆ. ಮನೆಯವಳು ಕತ್ತೆತ್ತಿ ಒಂದೊಂದನ್ನೇ ಗುರುತಿಸಿ ನನಗೆ ಕಥೆ ಹೇಳಿದಳು.

ಪಕ್ಕದ ಚಂದ್ರಪ್ರಭ ಬಸದಿಯಲ್ಲಿ ಸ್ವಾಮಿಯ ಗರ್ಭಗುಡಿ ಮೇಲಂತಸ್ತಿನಲ್ಲಿದೆ. ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಅವಳ ಮೊಣಕಾಲು ಸೋತಿತು. "ನೀವು ಹೋಗಿ ಬನ್ನಿ. ಹತ್ತು ವರ್ಷದ ಹಿಂದೆ ಬಂದಿದ್ರೆ ನಾನೂ ಹತ್ತುತ್ತಿದ್ದೆ" ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಮೇಲೆ ಕೈಮುಗಿದು ನಿಂತಾಗ ನನಗೆ ಆ ಮಾತೇ ಕೇಳಿಸುತ್ತಿತ್ತು. ಸೀರೆಗೆಂದು ಇದೇ ಊರಿಗೆ ಎಷ್ಟು ಸಲ ಬಂದಿದ್ದೆ!

ಬಂಧುಗಳೇ, ಖರೀದಿಗೆ ಹೋಗುವಾಗ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ, ಮನೆಯವರನ್ನೂ ಕರೆದುಕೊಂಡು ಹೋಗಿ. ಬುತ್ತಿ ಕಟ್ಟಿಕೊಂಡರೆ ಸೂರ್ಯಾಸ್ತದೊಳಗಿನ ಊಟಕ್ಕೂ ತೊಂದರೆಯಿಲ್ಲ. ಸರಕು ಮುಂದಿನ ತಿಂಗಳೂ ಸಿಗುತ್ತದೆ.