ಯಾವ ಫ್ಯಾಕ್ಟರಿ ಬಂದರೂ ಸರಿ ಎನ್ನುತ್ತಿದ್ದ ಕಾಲ

1980ರ ದಶಕದ ಯಲಬುರ್ಗಾದಲ್ಲಿ ಪರಿಸರ ಎಂಬುದು ಶಾಲೆಯ ಪುಸ್ತಕದ ಪಾಠವಾಗಿತ್ತು. ಊರಿನ ಮಾತೆಲ್ಲ ನೀರಿನದೇ. ಬೋರಿನ ನೀರು ಸವುಳು. ಎಷ್ಟು ಕುದಿಸಿದರೂ ಬೇಳೆ ಬೇಯುತ್ತಿರಲಿಲ್ಲ. ಅಡುಗೆಗೆ ಸಿಹಿನೀರು ಬೇಕೆಂದರೆ ಕೊಡ ಹೊತ್ತು ಊರ ಹೊರಗಿನ ಬಾವಿಗೆ ನಡೆಯಬೇಕಿತ್ತು. ನನ್ನ ಓರಗೆಯವರಲ್ಲಿ ಹಲ್ಲಿನ ಮೇಲೆ ಕಂದು ಪಟ್ಟೆ ಇದ್ದವರು ಬಹಳ ಮಂದಿ. ಈ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು, ಹಲ್ಲಿನ ಕಲೆ ಅದರಿಂದಲೇ ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಮಳೆ ಕೈಕೊಟ್ಟರೆ ಮನೆಗೆ ಬೀಗ ಜಡಿದು ಗೋವಾ, ಮಂಗಳೂರು ಕಡೆಗೆ ಗುಳೆ. ಎರೆಹೊಲದ ಕಡಲೆ, ಹೆಸರು ಚಿಗರಿ ಹಿಂಡಿನ ಪಾಲಾಗದಂತೆ ರಾತ್ರಿಯಿಡೀ ಕಾಯುತ್ತಿದ್ದ ರೈತನಿಗೆ ಕೃಷ್ಣಮೃಗದ ಚೆಲುವು ಕಾಣುತ್ತಿರಲಿಲ್ಲ. ಹಾಗಾಗಿ ಅಂದಿನ ದಿನಗಳೇ ಚೆನ್ನಾಗಿದ್ದವು ಎಂದು ನಾನು ಬರೆಯಲಾರೆ.

ಆಗ ನಮ್ಮದು ರಾಯಚೂರು ಜಿಲ್ಲೆ. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಊರಿಗೆ ಬಂದ ಮುಖಂಡರಿಗೆಲ್ಲ ಸಲ್ಲುತ್ತಿದ್ದ ಮನವಿ ಒಂದೇ: ನೀರು ಕೊಡ್ರಿ, ಇಲ್ಲಾಂದ್ರ ಒಂದು ಫ್ಯಾಕ್ಟರಿನಾದ್ರೂ ತರಸ್ರಿ. ಯಾವ ಫ್ಯಾಕ್ಟರಿ, ಅದರ ಹೊಗೆ ಯಾವ ದಿಕ್ಕಿಗೆ, ನೀರು ಎಲ್ಲಿಂದ ಎಂದು ಯಾರೂ ಕೇಳಲಿಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ಯಲಬುರ್ಗಾ, ಕುಷ್ಟಗಿಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿದಾಗ ಆ ಬೇಡಿಕೆಗೆ ಸರ್ಕಾರಿ ಮುದ್ರೆಯೂ ಬಿತ್ತು.

ಫ್ಯಾಕ್ಟರಿಗಳು ಬಂದವು, ನಮ್ಮ ಕಡೆಗಲ್ಲ, ಕೊಪ್ಪಳದ ಪಕ್ಕಕ್ಕೆ. ಅಲ್ಲಿ ತುಂಗಭದ್ರಾ ಜಲಾಶಯದ ನೀರಿತ್ತು, ಹೊಸಪೇಟೆ–ಬಳ್ಳಾರಿಯ ಅದಿರು ಹತ್ತಿರವಿತ್ತು, ರೈಲು ಮತ್ತು ಹೆದ್ದಾರಿ ಎರಡೂ ಇದ್ದವು. ಗಿಣಿಗೇರಾ, ಹಿರೇಬಗನಾಳ, ಅಲ್ಲಾನಗರದ ಸುತ್ತ ಉಕ್ಕು, ಸ್ಪಾಂಜ್ ಐರನ್ ಘಟಕಗಳು ಒಂದರ ಹಿಂದೊಂದು ಎದ್ದವು. ನಮಗೆ ಆಗ ಆದದ್ದು ಹೊಟ್ಟೆಕಿಚ್ಚು.

ಆ ಹೊಟ್ಟೆಕಿಚ್ಚು ಇಳಿದದ್ದು ಅಲ್ಲಿನ ಒಂದು ಹಳ್ಳಿಯಲ್ಲಿರುವ ನೆಂಟರ ಮನೆಯಲ್ಲಿ. ಮಾಳಿಗೆಯ ಮೇಲೆ ಶಾವಿಗೆ ಒಣಹಾಕುವುದನ್ನು ಅವರು ಬಿಟ್ಟಿದ್ದರು. ನೀರಿನ ಹಂಡೆಗೆ ಎರಡು ಪದರ ಬಟ್ಟೆ ಕಟ್ಟಿದ್ದರು. ಬರಿಗಾಲಲ್ಲಿ ಪಡಸಾಲೆ ದಾಟಿದರೆ ಅಂಗಾಲು ಕಾಡಿಗೆಯಷ್ಟು ಕಪ್ಪು. “ಮುಂಜಾನೆ ಕಸ ಹೊಡದೀನ್ರಿ ಅಣ್ಣಾರ, ಮಧ್ಯಾಹ್ನಕ್ಕ ಮತ್ತ ಹಿಂಗ ಕೂತಿರತೈತಿ,” ಎಂದು ಆ ಮನೆಯಾಕೆ ಕಟ್ಟೆಯ ಮೇಲೆ ಬೆರಳು ಎಳೆದು ತೋರಿಸಿದರು. ಹೊಲದಲ್ಲಿ ಒಡೆದ ಹತ್ತಿಯ ಮೇಲೂ ಅದೇ ಕರಿಬೂದಿ. ಕೊಳ್ಳುವವರು ರೇಟು ಇಳಿಸದೆ ಬಿಡುವರೇ?

ಈ ಹಳ್ಳಿಗಳು ವರ್ಷಗಟ್ಟಲೆ ಕೂಗಿದರೂ ಪೇಟೆಯವರ ಕಿವಿಗೆ ಬೀಳಲಿಲ್ಲ. 2025ರ ಫೆಬ್ರುವರಿಯಲ್ಲಿ, ಕೊಪ್ಪಳ ನಗರಕ್ಕೆ ಹೊಂದಿಕೊಂಡ ಜಾಗದಲ್ಲೇ ಬಲ್ದೋಟ ಸಮೂಹದ ಬಿಎಸ್‌ಪಿಎಲ್ 54,000 ಕೋಟಿ ರೂಪಾಯಿಯ ಉಕ್ಕಿನ ಕಾರ್ಖಾನೆ ಕಟ್ಟುತ್ತದೆ ಎಂಬ ಘೋಷಣೆ ಬಂದಾಗ ಪೇಟೆಯೂ ಎದ್ದಿತು. ಫೆಬ್ರುವರಿ 24ರಂದು ಕೊಪ್ಪಳ ಬಂದ್. ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಬೀದಿಗಿಳಿದರು. 2019ರಲ್ಲಿ ಜನರನ್ನು ಕೂಡಿಸಿ ಹಿರೇಹಳ್ಳದ ಹೂಳು, ಜಾಲಿ ತೆಗೆಸಿದ್ದವರು ಇವರೇ. ಹಾಗಾಗಿ ಅವರ ಮಾತಿಗೆ ತೂಕವಿತ್ತು. ಪಕ್ಷಭೇದ ಮರೆತ ನಿಯೋಗ ಬೆಂಗಳೂರಿಗೆ ಹೋಯಿತು. ಮಾರ್ಚ್ ಮೊದಲ ವಾರ ಮುಖ್ಯಮಂತ್ರಿ ಸಿದ್ದರಾಮಯ್ಯ ಕೆಲಸ ನಿಲ್ಲಿಸಲು ಸೂಚಿಸಿದರು. ಬಾಯಿಮಾತಿನ ಸೂಚನೆಯಿಂದ ಕಾರ್ಖಾನೆ ರದ್ದಾಗುವುದಿಲ್ಲ ಎಂಬುದು ಜನರಿಗೆ ಗೊತ್ತಿತ್ತು. ವರ್ಷದ ಕೊನೆಗೆ ಅನಿರ್ದಿಷ್ಟಾವಧಿ ಧರಣಿ ಹೂಡಿದರು. ಕಾರ್ಖಾನೆಯ ಜಾಗದೊಳಗಿನ ಬಸಾಪುರ ಕೆರೆಗೆ ದನಕರು, ಕುರಿ ಹೋಗಲು ದಾರಿ ಬಿಡಿ ಎಂಬುದೂ ಅವರ ಬೇಡಿಕೆಗಳಲ್ಲೊಂದು.

ಇತ್ತ ಯಲಬುರ್ಗಾ, ಕುಕನೂರಿನ ಎರೆಭೂಮಿಯಲ್ಲಿ ಈಗ ಕಣ್ಣು ಹಾಯಿಸಿದಲ್ಲೆಲ್ಲ ಗಾಳಿ ವಿದ್ಯುತ್ತಿನ ಫ್ಯಾನು. ಇವು ಹೊಗೆ ಉಗುಳುವುದಿಲ್ಲ, ನೀರು ಕುಡಿಯುವುದಿಲ್ಲ. ಉಕ್ಕಿನ ಕಾರ್ಖಾನೆಗೂ ಇದಕ್ಕೂ ಒಂದೇ ತಕ್ಕಡಿ ಸಲ್ಲದು. ಆದರೆ ರೆಕ್ಕೆ ಹೊತ್ತ ಉದ್ದುದ್ದ ಲಾರಿ ತಿರುಗಲು ಹೊಲದ ನಡುವೆ ಗರಸಿನ ರಸ್ತೆ ಬೀಳುತ್ತದೆ. ಅದರಿಂದ ಪಕ್ಕದವನ ಹೊಲದಲ್ಲಿ ಮಳೆನೀರು ನಿಂತರೆ ಕೇಳುವವರಿಲ್ಲ. ಫ್ಯಾನಿಗೆ ಹೊಲ ಕೊಟ್ಟವರಲ್ಲಿ ಒಬ್ಬನಿಗೆ ಸಿಕ್ಕ ಹಣ ಎಷ್ಟೆಂದು ಇನ್ನೊಬ್ಬನಿಗೆ ಗೊತ್ತಾಗುವುದಿಲ್ಲ. ಏಜೆಂಟ್ ಮನೆಗೇ ಬರುತ್ತಾನೆ, ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಾನೆ, ಇಂಗ್ಲಿಷ್ ಕರಾರು ಮುಂದಿಡುತ್ತಾನೆ. ಕೊಪ್ಪಳದವರು ತಡವಾಗಿಯಾದರೂ ಒಟ್ಟಾದರು. ನಾವು ಇನ್ನೂ ಒಬ್ಬೊಬ್ಬರಾಗಿಯೇ ಸಹಿ ಹಾಕುತ್ತಿದ್ದೇವೆ.

2025ರ ಮೇ ತಿಂಗಳಿಂದ ಯಲಬುರ್ಗಾ ಮಾರ್ಗವಾಗಿ ಕುಷ್ಟಗಿ–ಹುಬ್ಬಳ್ಳಿ ರೈಲು ಓಡುತ್ತಿದೆ. ಗಿಣಿಗೇರಾಕ್ಕೆ ಕಾರ್ಖಾನೆಗಳನ್ನು ಕರೆತಂದ ಕಾರಣಗಳಲ್ಲಿ ರೈಲೂ ಒಂದು. ನಾಳೆ ನಮ್ಮಲ್ಲಿಗೂ ಯಾರಾದರೂ ಬಂದಾರು. ಬರಲಿ, ಕೆಲಸ ಬೇಡವೆನ್ನುವಷ್ಟು ನಾವು ಉಳ್ಳವರಲ್ಲ. ಆದರೆ ಹಿಂದುಳಿದವರು ಎಂಬ ಕಾರಣಕ್ಕೆ ಬೂದಿ ತಿನ್ನಬೇಕಾದ ಕರ್ಮವೂ ನಮ್ಮದಲ್ಲ. ಕರಾರು ಫ್ಯಾನಿನದಿರಲಿ, ಫ್ಯಾಕ್ಟರಿಯದಿರಲಿ, ಸಹಿಗೆ ಮೊದಲು ಅದನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿಸಿರಿ. ಓದಲು ಒಲ್ಲೆ ಎನ್ನುವವನಿಗೆ ಹೊಲ ಕೊಡಬೇಡಿ.