ಉಮ್ಮತ್ತೂರಿನ ಮೂರು ಕಲ್ಲಿನ ಒಲೆ

ಚಾಮರಾಜನಗರದ ಉತ್ತರಕ್ಕಿರುವ ಉಮ್ಮತ್ತೂರು ಇಂದು ಹೊಲಗಳ ನಡುವಣ ಒಂದು ಗ್ರಾಮ. ಹದಿನೈದನೆಯ ಶತಮಾನದಲ್ಲಾದರೋ ಪ್ರಬಲ ಪಾಳೆಯಗಾರರ ರಾಜಧಾನಿ. 1509ರಲ್ಲಿ ಪಟ್ಟವೇರಿದ ಕೃಷ್ಣದೇವರಾಯನು ಕೆಲವೇ ವರ್ಷಗಳಲ್ಲಿ ಇಲ್ಲಿಯ ಗಂಗರಾಜನ ಮೇಲೆ ದಂಡೆತ್ತಿ ಬಂದು ಶಿವನಸಮುದ್ರದ ಕೋಟೆಯನ್ನು ವಶಪಡಿಸಿಕೊಂಡನು. ಚರಿತ್ರಕಾರರು ಕೋಟೆಗಳನ್ನು ಎಣಿಸುತ್ತಾರೆ. ಸೌದೆಯ ಹೊರೆಗಳನ್ನು ಎಣಿಸುವುದಿಲ್ಲ. ಆದರೆ ದಂಡು ಬೀಡುಬಿಟ್ಟಲ್ಲೆಲ್ಲ ಅನ್ನ ಬೇಯಲೇಬೇಕಷ್ಟೆ!

ಈಗ ಬೀಡುಬಿಡುವವರು ಬೇರೆ. ಶಿವರಾತ್ರಿ, ಯುಗಾದಿಗಳಲ್ಲಿ ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಡುವ ಈ ಸೀಮೆಯ ಭಕ್ತರು ದಾರಿಯ ಮರದ ನೆರಳಿನಲ್ಲಿ ಮೂರು ಕಲ್ಲು ಹೂಡುತ್ತಾರೆ. ಡೇರೆ ಹೊತ್ತು ಬರುವ ಪಟ್ಟಣದ ತರುಣರೂ ಉಂಟು. ಅವರಿಗೆ ಬೆಂಕಿ ಅಡುಗೆಗಿಂತ ವಿನೋದಕ್ಕೇ ಹೆಚ್ಚು ಬೇಕು.

ಮೂಡಲಲ್ಲಿ ನೀಲಿಗಟ್ಟಿ ನಿಂತ ಬಿಳಿಗಿರಿರಂಗನ ಬೆಟ್ಟಗಳು ಮುಗಿಯದ ಸೌದೆಯ ಕಣಜದಂತೆ ತೋರುತ್ತವೆ. 2011ರಿಂದ ಅದು ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಬಿದ್ದ ಒಣಮರ ಯಾರಿಗೂ ಬೇಡವಾದುದಲ್ಲ. ಗೆದ್ದಲು, ಅಣಬೆ, ಮರಕುಟಿಗಗಳಿಗೆ ಅದೇ ಅನ್ನ. ಕಾಡನ್ನು ಮುತ್ತಿರುವ ಲಂಟಾನವನ್ನಾದರೂ ಉರಿಸಬಾರದೇ ಎಂದು ಕೇಳುವವರಿದ್ದಾರೆ. ಮಹದೇಶ್ವರ ಬೆಟ್ಟದ ಸೋಲಿಗರು ಅದರಿಂದ ಕುರ್ಚಿ ಮೇಜುಗಳನ್ನು ಹೆಣೆಯುತ್ತಾರೆ, ನಿಜ. ದಾರಿಹೋಕನು ಕತ್ತಿ ಹಿಡಿದು ಕಾಡಿಗೆ ನುಗ್ಗುವುದು ಬೇರೆಯ ಮಾತು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಬೂದಿಯಾದುದನ್ನು ಈ ಜಿಲ್ಲೆ ಮರೆತಿಲ್ಲ.

ಸೌದೆ ಇರುವುದು ಹೊಲದಲ್ಲಿ. ಸಂತೇಮರಹಳ್ಳಿಯ ಗೂಡಿನ ಮಾರುಕಟ್ಟೆಯನ್ನು ನಂಬಿದ ರೈತರು ಹಿಪ್ಪುನೇರಳೆಯನ್ನು, ನೀರಿನ ಅನುಕೂಲವಿದ್ದರೆ, ವರ್ಷಕ್ಕೆ ನಾಲ್ಕೈದು ಬಾರಿ ಕೊಯ್ಯುತ್ತಾರೆ. ಬಲಿತ ಹುಳುಗಳಿಗೆ ಸೊಪ್ಪನ್ನು ಕೊಂಬೆಯೊಡನೆಯೇ ಹಾಕುವುದು ವಾಡಿಕೆ. ಹುಳು ಎಲೆಯನ್ನೆಲ್ಲ ತಿಂದು ಮುಗಿಸಿದ ಮೇಲೆ ಉಳಿಯುವುದು ಬೆರಳುಗಾತ್ರದ ಕಡ್ಡಿ. ಬಿಸಿಲಿನಲ್ಲಿ ಒಣಗಿದರೆ ಚಟಚಟನೆ ಹತ್ತಿಕೊಳ್ಳುತ್ತದೆ. ಕಡಿದ ಬುಡ ಮರಳಿ ಚಿಗುರುತ್ತದೆ. ಕೆಂಡ ಬಹಳ ಹೊತ್ತು ನಿಲ್ಲದು, ಅದೊಂದು ಕೊರತೆ. ಮುದ್ದೆಗೆ ಎಸರು ಕಾಯಿಸಲು ಕಡ್ಡಿ ಸಾಕು. ಕಾಳು ಬೇಯಬೇಕಾದರೆ ಮಾತ್ರ ತೆಂಗಿನ ಮಟ್ಟೆಯನ್ನೋ ಜಾಲಿಯ ಒಣಕೊರಡನ್ನೋ ಒಡ್ಡಬೇಕು.

ಆದರೆ ಈ ಕಡ್ಡಿಯೂ ಬಿಟ್ಟಿ ಬಿದ್ದ ಸೊತ್ತಲ್ಲ. ಹುಳುಮನೆಯಲ್ಲಿ ದುಡಿವ ಹೆಂಗಸರು ಸಂಜೆ ತಲೆಯ ಮೇಲೆ ಹೊತ್ತು ಮನೆಗೊಯ್ಯುವುದು ಅದನ್ನೇ. 2016ರ ಉಜ್ವಲಾ ಯೋಜನೆಯಿಂದ ಹಲವು ಬಡಮನೆಗಳಿಗೆ ಅನಿಲದ ಒಲೆ ಬಂದಿತು. ಸಿಲಿಂಡರು ತುಂಬಿಸುವ ಹಣ ಪ್ರತಿ ಸಲವೂ ಒದಗುವುದಿಲ್ಲ, ಸ್ನಾನದ ಹಂಡೆಗಂತೂ ಸೌದೆಯೇ ಗತಿ. ಡೇರೆಯ ಮುಂದೆ ಎದೆಮಟ್ಟ ಉರಿಯೆಬ್ಬಿಸಿ ಹಾಡುವವರು ಒಂದಿರುಳಲ್ಲಿ ಸುಡುವುದು ಇಂಥ ಒಬ್ಬಳ ಹಲವು ದಿನದ ಅಡುಗೆಯನ್ನು. ಆಕೆಯ ಹೊರೆ ಇಲ್ಲಿ ಕಡಮೆಯಾದರೆ, ಕಾಡಂಚಿನ ಬೇಲಿಯ ಕಡೆಗೆ ಅಷ್ಟು ದೂರ ಹೆಚ್ಚು ನಡೆಯಬೇಕಾಗುತ್ತದೆ.

ಆದ್ದರಿಂದಲೇ ಭಕ್ತರು ಕಡ್ಡಿ ಕೇಳಲು ಬಂದಾಗ ಹುಳುಮನೆಯ ಹೆಂಗಸು ಮೊದಲು ಬೆಲೆ ಹೇಳುವುದಿಲ್ಲ.

“ಉಣ್ಣೋರು ಏಸು ಜನ ಅಣ್ಣಾ?” ಎನ್ನುತ್ತಾಳೆ.

“ಆರು ಜನ ಕನವ್ವ.”

ಆರು ಜನಕ್ಕೆ ತಕ್ಕಷ್ಟು ಕಡ್ಡಿಯನ್ನು ಮೊಣಕಾಲಿಗೆ ಒತ್ತಿ, ಬಾಳೆಯ ನಾರಿನಿಂದ ಬಿಗಿದು, ಅವರ ಮುಂದಿಡುತ್ತಾಳೆ.